ಖಾಲಿ ಗಾಡಿಯ ತೂಕ

ಮುಧೋಳದಾಚೆ, ಸಕ್ಕರೆ ಕಾರ್ಖಾನೆಯ ಎರಡನೇ ಕಾಟಾದ ಕೋಣೆ.
ತುಂಬಿದ ಗಾಡಿ ಬರುತ್ತದೆ, ಬರೆಯುತ್ತೇನೆ.
ಖಾಲಿ ಗಾಡಿ ಮರಳುತ್ತದೆ, ಬರೆಯುತ್ತೇನೆ.
ಅದರಲ್ಲಿ ಇದನ್ನು ಕಳೆದರೆ ಕಬ್ಬು.
ಹದಿನಾಲ್ಕು ಹಂಗಾಮಿನಿಂದ ಇಷ್ಟೇ ನನ್ನ ಗಣಿತ.

ಮಂಗಳವಾರ ರಾತ್ರಿ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಹೋಯಿತು.
"ಕ್ಯಾಮೆರಾ ಅದಾವಲ್ಲ, ನೋಡು" ಅಂದರು ಬಾಳಗೊಂಡ ಸಾಹೇಬರು,
ಬಾವಿಗೆ ಬಿದ್ದ ಕೊಡ ತೆಗೆ ಅನ್ನುವಷ್ಟು ಸಲೀಸಾಗಿ.
ಹನ್ನೊಂದು ಕ್ಯಾಮೆರಾ. ಒಂದೊಂದರಲ್ಲೂ ಹತ್ತು ತಾಸಿನ ಕತ್ತಲೆ.
ನೋಡಿ ಮುಗಿಸುವ ಹೊತ್ತಿಗೆ ಕಬ್ಬೇ ಮುಗಿದೀತು.

ಮಹಾಲಿಂಗಪುರದ ದಸ್ತಗೀರನಿಗೆ ಫೋನು ಹಚ್ಚಿದೆ,
ಕ್ಯಾಮೆರಾ ಕೂಡಿಸಿದವನು ಅವನೇ.
"ನೋಡಬ್ಯಾಡೋ ಯಪ್ಪಾ, ತೂಗು.
ಸೆಕೆಂಡಿಗೆ ನಾಕು ಮೆಗಾಬಿಟ್ ಅಂತ
ಫೈಲಿನ ಹಣಿ ಮ್ಯಾಲ ಬರದಿರ್ತೈತಿ,
ಅದು ನಾ ಮೆನುದಾಗ ಕೊಟ್ಟ ಅಪ್ಪಣಿ.
ತಿಂದ ಲೆಕ್ಕ ಬ್ಯಾರೆ."

ಹೌದಲ್ಲ.
ಇಪ್ಪತ್ತು ಟನ್ ಅಂತ ಚೀಟಿ ಹಿಡಿದು ಬಂದ ಗಾಡಿಯನ್ನು
ಚೀಟಿ ನಂಬಿ ಒಳಗೆ ಬಿಟ್ಟಿದ್ದೇನೆಯೇ ನಾನು ಎಂದಾದರೂ?

ಒಂದು ತಾಸಿಗೆ ಒಂದು ಫೈಲು. ದನಿಯ ಪಾಲು ಕಳೆ,
ಎಲ್ಲ ಕಟ್ಟಿಟ್ಟ ಪೆಟ್ಟಿಗೆಯ ಪಾಲೂ ಕಳೆ (ಅದು ಖಾಲಿ ಗಾಡಿ),
ಉಳಿದದ್ದನ್ನು ಎಂಟರಿಂದ ಗುಣಿಸು,
ಸೆಕೆಂಡುಗಳಿಗೆ ಹಂಚು.
ಸೆಕೆಂಡುಗಳನ್ನೂ ಎಣಿಸಿಯೇ ಹಂಚು. ತಾಸು ಅಂತ ಹೆಸರಿದ್ದರೂ
ಕರೆಂಟು ಹೋದ ಏಳು ನಿಮಿಷ ಅದರೊಳಗೆ ಇರುವುದಿಲ್ಲ.

ಹಗಲು ಹನ್ನೊಂದಕ್ಕೆ ಮೂರೂ ಮುಕ್ಕಾಲು:
ಧೂಳು, ಹಾರುವ ರವದಿ, ಸರತಿಗಾಗಿ ಬೈದಾಟ.
ರಾತ್ರಿ ಒಂದಕ್ಕೆ ಅರ್ಧಕ್ಕಿಂತ ತುಸು ಹೆಚ್ಚು.
ಏನೂ ಅಲುಗದಿದ್ದರೆ ಹೊಸತೇನೂ ಬರೆಯುವುದಿಲ್ಲ ಅದು,
ಹಂಗೇ ಐತಿ, ಹಂಗೇ ಐತಿ ಅನ್ನುತ್ತ ಕೂರುತ್ತದೆ,
ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆಯುವವರ ಹಾಗೆ.

ಒಂಬತ್ತನೇ ಕ್ಯಾಮೆರಾ. ಸರತಿ ನಿಂತ ಟ್ರೇಲರುಗಳ ಕಡೆಯದು.
ಎರಡರಿಂದ ಮೂರರ ಫೈಲು: ಒಂದು ದಶಾಂಶ ಎಂಟು.
ಆಚೀಚಿನ ತಾಸುಗಳ ಮೂರು ಪಟ್ಟು.
ಸಿಕ್ಕ ಮಗ, ಅಂದೆ. ಚಹಾ ಆರುತ್ತಿತ್ತು, ಆರಲಿ.
ತೆರೆದೆ.

ಟ್ರೇಲರಿನ ಅಡಿಗೆ, ಗಾಲಿಗಳ ನಡುವೆ,
ಹಳೆ ಸೀರೆಯ ಜೋಲಿ. ತೂಗುತ್ತಿದೆ.
ತೂಗುವ ಕೈ ಮೊಣಕೈವರೆಗೆ ಮಾತ್ರ ಕಾಣುತ್ತದೆ,
ಉಳಿದ ಹೆಂಗಸು ಕಬ್ಬಿನ ನೆರಳಲ್ಲಿ.
ಹಾಡುತ್ತಿದ್ದಳೇನೋ. ದನಿಯ ಪಾಲು ನಾನೇ ಕಳೆದಿದ್ದೆ;
ಮರಳಿ ಹಚ್ಚಿ ಕಿವಿಗೊಟ್ಟರೆ
ಗಾಣದ ಮೊರೆತ, ಬರೀ ಮೊರೆತ.

ಆಮೇಲೆ ಯಾಕೋ ನಿಮಿಷ ನಿಮಿಷಕ್ಕೂ ತೂಗಿದೆ.
ಎರಡು ಐವತ್ತೊಂದಕ್ಕೆ ಎರಡೂವರೆ.
ಐವತ್ತೈದಕ್ಕೆ ಒಂದೂಕಾಲು.
ಐವತ್ತೇಳಕ್ಕೆ ಮತ್ತೆ ಎರಡು, ಎದ್ದು ಅತ್ತಿರಬೇಕು.
ಐವತ್ತೊಂಬತ್ತಕ್ಕೆ ಅರ್ಧ, ಮೇಲೆ ಚೂರು.
ನಿದ್ದೆ ಹತ್ತಿತು.
ನನ್ನ ಮಕ್ಕಳು ಮಲಗಿದ ಗಳಿಗೆ
ಇಷ್ಟು ಖಚಿತವಾಗಿ ನನಗೆಂದೂ ಗೊತ್ತಾಗಿರಲಿಲ್ಲ.

"ಏನರ ಕಂಡಿತೇನು?"
"ಏನಿಲ್ರೀ ಸಾಹೇಬ್ರ, ಗಾಳಿ."

ಬ್ಯಾಟರಿ ಇನ್ನೂ ಸಿಕ್ಕಿಲ್ಲ.

ಆ ಟ್ರೇಲರು ಬುಧವಾರ ಬೆಳಗು ಆರಕ್ಕೆ ಕಾಟಾ ಏರಿದೆ,
ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ. ತುಂಬಿದ್ದು, ಖಾಲಿ, ನಿವ್ವಳ.
ಖಾಲಿ ಗಾಡಿಯ ಮೇಲೆ ಕೂತವರನ್ನು ದಿನಾ ಇಳಿಸುತ್ತೇನೆ,
ಇಳೀರಿ, ರೈತನ ತೂಕ ಹೋಗ್ತೈತಿ ಅಂತ.
ಅವಳೂ ಇಳಿದಿರಬೇಕು. ಮಲಗಿದ್ದನ್ನು ಎಬ್ಬಿಸಲಾರದೆ
ಮೇಲೆಯೇ ಬಿಟ್ಟಿದ್ದಳೋ ಏನೋ.
ನಮ್ಮ ಕಾಟಾ ಹತ್ತು ಕೇಜಿಗಿಂತ ಸಣ್ಣದನ್ನು ಕಾಣುವುದಿಲ್ಲ.

ಆ ಫೈಲು ಮಾತ್ರ ಐನೂರ ನಲವತ್ತು ಎಂಬಿ ಹೆಚ್ಚು ತೂಗಿತ್ತು.

ಹಂಗಾಮಿನಲ್ಲಿ ಡಿಸ್ಕು ಹತ್ತೊಂಬತ್ತು ದಿನಕ್ಕೆ ತುಂಬುತ್ತದೆ,
ಹಳೆಯದರ ಮೇಲೆ ಹೊಸದು ಕೂರುತ್ತದೆ.
ಇವತ್ತಿಗೆ ಹದಿನಾಲ್ಕು.